ಮೇಲಿನ ಬೀದಿಗೆ ಬಿಸಿಲು ತಡ

ಅಲಾರಂ ಹೊಡೆದುಕೊಂಡು ಸುಮ್ಮನಾಗಿತ್ತು. ಅದನ್ನು ಸುಮ್ಮನಾಗಿಸಿದ ಕೈ ತನ್ನದೇ ಎಂದು ಸಾಲ್ವೋರ್‌ಗೆ ಗೊತ್ತಾದದ್ದು ಆಮೇಲೆ, ಹಿಮ ಸರಿಸುವ ಟ್ರ್ಯಾಕ್ಟರಿನ ಹಳದಿ ದೀಪ ಚಾವಣಿಯ ಮೇಲೆ ಗಿರಗಿರನೆ ಸುತ್ತತೊಡಗಿದಾಗ. ಟ್ರ್ಯಾಕ್ಟರು ಮೇಲಿನ ಬೀದಿಗೆ ಬಂತೆಂದರೆ ಏಳು ಗಂಟೆಯಾಯಿತೆಂದೇ ಅರ್ಥ. ಈಜುಕೊಳದ ಬಾಗಿಲು ತೆರೆಯಬೇಕಾದದ್ದು ಆರೂವರೆಗೆ.

ಕಾಲು ಕೆಳಗಿಟ್ಟಳು. ರಾತ್ರಿಯೆಲ್ಲ ಅಡುಗೆಮನೆಯಿಂದ ಕಿಟಕಿಗೆ, ಕಿಟಕಿಯಿಂದ ಅಡುಗೆಮನೆಗೆ ಓಡಾಡಿ ದಣಿಯದ ಕಾಲುಗಳು ಈಗ ಒದ್ದೆ ಮರಳು ತುಂಬಿದ ಚೀಲಗಳಂತಿದ್ದವು. ಅವಳಿಗೆ ಬಗೆಹರಿಯದಿದ್ದುದು ಇದೇ. ಮಲಗಬೇಕಾದಾಗ ಮೈತುಂಬ ಇರುವೆ ಹರಿದಂತೆ; ಏಳಬೇಕಾದಾಗ ಮೈಯೇ ಇಲ್ಲದಂತೆ. ಕೋಟಿನೊಳಗೆ ಕೈ ತೂರಿಸುತ್ತ, ಒಂದು ಕಾಲುಚೀಲ ಸಿಗದೆ ಬರಿಗಾಲನ್ನೇ ಬೂಟಿಗೆ ತುರುಕಿ, ಇಳಿಜಾರಿನಲ್ಲಿ ಜಾರುತ್ತ ಓಡಿದಳು.

ಐಸ್‌ಲ್ಯಾಂಡಿನ ಪಶ್ಚಿಮದ ಅಂಚಿನಲ್ಲಿ, ಒಳಕ್ಕೆ ಚಾಚಿದ ಕಡಲಿಗೂ ಕಡಿದಾದ ಬೆಟ್ಟಕ್ಕೂ ನಡುವೆ ಸಿಕ್ಕಿಕೊಂಡ ಊರು ಸ್ಕುಗ್ಗಾವೀಕ್. ಮೂರು ಬೀದಿ, ಒಂದು ಚರ್ಚು, ಒಂದು ಮೀನು ಕಾರ್ಖಾನೆ, ಒಂದು ಈಜುಕೊಳ. ನವೆಂಬರ್ ಮುಗಿಯುವ ಮೊದಲೇ ಸೂರ್ಯ ದಕ್ಷಿಣದ ಬೆಟ್ಟದ ಹಿಂದೆ ಸರಿದರೆ ಮತ್ತೆ ಊರಿಗೆ ಮುಖ ತೋರಿಸುವುದು ಜನವರಿಯ ಕೊನೆಗೆ. ಅಲ್ಲಿಯವರೆಗೆ ನಡುಹಗಲಿನ ಹೊತ್ತಿಗೆ ಒಂದಿಷ್ಟು ನೀಲಿ ಬೆಳಕು, ಉಳಿದಂತೆ ಕತ್ತಲು.

ಕೊಳದ ಬಾಗಿಲ ಮುಂದೆ ಇಬ್ಬರು ನಿಂತಿದ್ದರು. ಟವೆಲನ್ನು ಕುತ್ತಿಗೆಗೆ ಸುತ್ತಿಕೊಂಡು, ಕೈಯಲ್ಲಿ ಸ್ಕೀ ಕೋಲು ಹಿಡಿದ ಎಂಬತ್ತರ ಪೆತ್ರೀನಾ. ಅವಳ ಪಕ್ಕದಲ್ಲಿ, ದೋಣಿ ಬಿಟ್ಟು ವರ್ಷಗಳಾದರೂ ಹೆಜ್ಜೆಯಲ್ಲಿ ಇನ್ನೂ ಅಲೆಯಿದ್ದ ಎಲ್ಲಿಡಿ.

"ಎಲ್ಲಿಡಿ ಹೆಪ್ಪುಗಟ್ಟಿದಾನೆ ಕಣೇ. ಇವನನ್ನ ಹಾಗೇ ಎತ್ಕೊಂಡು ಹೋಗಿ ಕಾರ್ಖಾನೆ ಫ್ರೀಜರಿಗೆ ಹಾಕ್ಬೋದು," ಎಂದಳು ಪೆತ್ರೀನಾ.

"ನನ್ನನ್ನ ಯಾರೂ ಕೊಳ್ಳಲ್ಲ. ಹಳೇ ಮೀನು," ಎಂದ ಎಲ್ಲಿಡಿ.

"ಟ್ರ್ಯಾಕ್ಟರು ದಾರೀಲಿ ಅಡ್ಡ ಇತ್ತು," ಎಂದಳು ಸಾಲ್ವೋರ್. ಬೀಗದ ಕೈ ತೂತಿಗೆ ಸೇರಲೊಲ್ಲದು.

ಪೆತ್ರೀನಾಳ ಕಣ್ಣು ಅವಳ ಬೂಟಿನ ಮೇಲೆ, ಒಂದು ಕಡೆ ಕಾಲುಚೀಲ ಇಣುಕಿ ಇನ್ನೊಂದು ಕಡೆ ಬರಿ ಚರ್ಮ ಕಾಣುತ್ತಿದ್ದಲ್ಲಿ, ಒಂದು ಗಳಿಗೆ ನಿಂತು ಸರಿಯಿತು.

ಸಾಲ್ವೋರ್ ಹುಟ್ಟಿದ್ದು ಈ ಊರಿನ ಕೆಳಗಿನ ಬೀದಿಯಲ್ಲಿ, ಬಂದರಿಗೆ ಬೆನ್ನು ಹಾಕಿ ನಿಂತ ಬಿಳಿಯ ತಗಡಿನ ಮನೆಯಲ್ಲಿ. ಬೆಳೆದದ್ದೂ ಅಲ್ಲಿಯೇ. ಮದುವೆಯಾದದ್ದು, ಮದುವೆ ಮುರಿದದ್ದು, ಮುದಿತಾಯಿಯನ್ನು ನೋಡಿಕೊಂಡದ್ದು ಎಲ್ಲ ಆ ಮನೆಯಲ್ಲೇ. ಕೊಳದ ಕೆಲಸಕ್ಕೆ ಸೇರಿದಾಗ ಅವಳಿಗೆ ಇಪ್ಪತ್ತೆರಡು. ಈಗ ಐವತ್ತರ ಹತ್ತಿರ. ಊರಿನ ಅರ್ಧಕ್ಕರ್ಧ ಮಕ್ಕಳಿಗೆ ನೀರಿನಲ್ಲಿ ಮುಖ ಅದ್ದುವುದನ್ನು ಕಲಿಸಿದವಳು ಅವಳು. ಸ್ನಾನ ಮಾಡದೆ ಕೊಳಕ್ಕೆ ಇಳಿಯಲು ಬಂದ ಪ್ರವಾಸಿಗಳನ್ನು ಸೋಪು ಕೊಟ್ಟು ಹಿಂದಕ್ಕೆ ಅಟ್ಟುವವಳೂ ಅವಳೇ. ಗಾಜಿನ ಗೂಡಿನಲ್ಲಿ ಕುಳಿತು ಆಕೆ ಕಣ್ಣು ಹಾಯಿಸಿದರೆ ಸಾಕು, ಓಡುತ್ತಿದ್ದ ಹುಡುಗರು ನಡೆಯುತ್ತಿದ್ದರು.

ಹೋದ ವಸಂತದಲ್ಲಿ ತಾಯಿ ತೀರಿಕೊಂಡಳು. ಮನೆ ತಮ್ಮಂದಿರ ಜೊತೆ ಪಾಲಾಗಬೇಕಾಯಿತು. ದಕ್ಷಿಣದ ಯಾರೋ ಬೇಸಿಗೆಗೆ ಬಂದು ಹೋಗಲೆಂದು ಕೊಂಡರು. ಅಕ್ಟೋಬರಿನಲ್ಲಿ ಸಾಲ್ವೋರ್ ತನ್ನ ಪೆಟ್ಟಿಗೆಗಳನ್ನು ಮೇಲಿನ ಬೀದಿಗೆ, ಬೆಟ್ಟದ ಬುಡದಲ್ಲಿದ್ದ ಮನೆಯೊಂದರ ನೆಲಮಹಡಿಗೆ ಸಾಗಿಸಿದಳು. ಮುಂದಿನ ಕೋಣೆಯ ಕಿಟಕಿಯಿಂದ ಇಡೀ ಊರು, ಕಡಲು. ಹಿಂದಿನ ಅಡುಗೆಮನೆಯ ಕಿಟಕಿಯ ತುಂಬ ಬೆಟ್ಟ.

ತಾಯಿಗೂ ಚಳಿಗಾಲದಲ್ಲಿ ಇದೇ ಕಾಟವಿತ್ತು. ಮನೆಯಲ್ಲಿ ಅದಕ್ಕೆ ಹೆಸರಿರಲಿಲ್ಲ. ಡಿಸೆಂಬರಿನ ಒಂದು ದಿನ ಅವಳು ಹಿಂದಿನ ಕೋಣೆಗೆ ಹೋಗಿ ಗೋಡೆಗೆ ಮುಖ ಮಾಡಿ ಮಲಗುತ್ತಿದ್ದಳು. "ಅಮ್ಮ ಒಳಗೆ ಹೋದ್ಳು," ಎಂದು ತಮ್ಮಂದಿರು ಪಿಸುಗುಟ್ಟುತ್ತಿದ್ದರು. ತಂದೆ ಕಡಲಿನಲ್ಲಿ. ಮೀನು, ಆಲೂಗಡ್ಡೆ ಬೇಯಿಸುವುದು, ಬಾಗಿಲುಗಳನ್ನು ಸದ್ದಿಲ್ಲದೆ ಮುಚ್ಚುವುದು, ನೆರೆಯವರಿಗೆ "ಅಮ್ಮನಿಗೆ ಶೀತ" ಎನ್ನುವುದು ಸಾಲ್ವೋರ್‌ಳ ಪಾಲು. ಜನವರಿ ಇಪ್ಪತ್ತೈದರವರೆಗೆ. ಆ ದಿನ ನಡುಹಗಲಿಗೆ ಬೆಟ್ಟದ ನೆತ್ತಿಯಿಂದ ಇಳಿದ ಬಿಸಿಲು ಅಡುಗೆಮನೆಯ ನೀಲಿ ಕಪಾಟಿನ ಮೇಲೆ ಬೀಳುತ್ತಿತ್ತು. ಆಗ ಹಿಂದಿನ ಕೋಣೆಯ ಬಾಗಿಲು ತೆರೆಯುತ್ತಿತ್ತು. ಕೂದಲು ಗಂಟುಗಟ್ಟಿದ ಅಮ್ಮ ಬಂದು, ಒಂದು ಮಾತೂ ಆಡದೆ ಏಪ್ರನ್ ಕಟ್ಟಿಕೊಂಡು, ಸೋಪು ಎಂದೂ ಸೋಕದ ಆ ಕಪ್ಪು ಕಾವಲಿಯನ್ನು ಮೊಳೆಯಿಂದ ಇಳಿಸುತ್ತಿದ್ದಳು. ಕಾಗದದಷ್ಟು ತೆಳ್ಳಗಿನ ಪ್ಯಾನ್‌ಕೇಕು, ಒಳಗೆ ಸಕ್ಕರೆ, ಜೊತೆಗೆ ಕಾಫಿ. ಊರಿನ ಪ್ರತಿ ಮನೆಯಲ್ಲೂ ಬಿಸಿಲು ಒಳಗೆ ಬಂದ ದಿನ ಮಾಡುವ ಬಿಸಿಲು ಕಾಫಿ ಅದು. ಬೇರೆ ಮನೆಗಳಲ್ಲಿ ಅದು ಬಿಸಿಲಿಗೆ ಮಾಡುವ ಸತ್ಕಾರ. ಆ ಮನೆಯ ಮಕ್ಕಳಿಗೆ ಮಾತ್ರ ಅಮ್ಮ ವಾಪಸು ಬಂದ ದಿನ.

ಅದಕ್ಕೇ ಸಾಲ್ವೋರ್ ಮಲಗುವುದಕ್ಕೆ ಹೆದರುತ್ತಿದ್ದಳು. ಹಗಲು ಒಮ್ಮೆ ಮಲಗಿದರೆ ಗೋಡೆಯ ಕಡೆಗೆ ಹೊರಳುತ್ತೇನೆ, ಹೊರಳಿದರೆ ಮುಗಿಯಿತು ಎಂದು. ಕೈಗೆ ಏನಾದರೂ ಕೆಲಸ ಕೊಡುತ್ತಲೇ ಇದ್ದಳು. ಕಪಾಟಿಗೆ ಬಣ್ಣ ಬಳಿಯಲು ಕುಳಿತು ಒಂದೇ ಬಾಗಿಲಿಗೆ ಬಳಿದು ನಿಲ್ಲಿಸಿದಳು. ಸ್ವೆಟರಿನ ತೋಳು ಹೆಣೆದು ಬಿಚ್ಚಿದಳು, ಮತ್ತೆ ಹೆಣೆದು ಮತ್ತೆ ಬಿಚ್ಚಿದಳು; ಉಣ್ಣೆ ಗುಂಗುರು ಗುಂಗುರಾಯಿತು. ಪಟ್ಟಣದಿಂದ ತರಿಸಿದ, ಇಲ್ಲದ ಬಿಸಿಲಿನ ಬದಲು ಮುಖಕ್ಕೆ ಹಿಡಿಯುವ ಬೆಳಕಿನ ಪೆಟ್ಟಿಗೆಯ ಮುಂದೆ ಕುಳಿತರೆ ಬೇಗ ಎದ್ದುಬಿಡುತ್ತಿದ್ದಳು. ಅದರ ಬಿಳುಪು ಆಸ್ಪತ್ರೆಯದು. ದಿನವೂ ಒಂದು ಚಮಚ ಮೀನೆಣ್ಣೆ ಕುಡಿಯುತ್ತಿದ್ದಳು. ನಡುಹಗಲ ನೀಲಿಯಲ್ಲಿ ಬಂದರಿನ ಕಟ್ಟೆಯ ತುದಿಯವರೆಗೆ ನಡೆದು, ಅಲ್ಲಿ ನಿಲ್ಲಲಾರದೆ ತಿರುಗುತ್ತಿದ್ದಳು. ಎದುರು ದಡದ ಬೆಟ್ಟದ ನೆತ್ತಿಗೆ ಆಗಲೇ ಬಿಸಿಲು ಹತ್ತಿತ್ತು. ಅದು ಅಲ್ಲಿಂದ ಕಡಲಿಗೆ ಇಳಿಯಬೇಕು, ಕಡಲು ದಾಟಿ ಬಂದರಿಗೆ ಬರಬೇಕು. ಬೇಗ ಬಾ, ಬೇಗ ಬಾ ಎಂದು ಹಲ್ಲು ಕಚ್ಚಿ ಅದನ್ನು ನೋಡುತ್ತಿದ್ದಳು.

ಮಹಡಿಯ ಮೇಲೆ ಇದ್ದವಳು ಡನೂತಾ, ಮೀನು ಕಾರ್ಖಾನೆಯ ಕೆಲಸಕ್ಕೆಂದು ಪೋಲೆಂಡಿನಿಂದ ಬಂದು ಈ ಊರಿನಲ್ಲೇ ನಿಂತವಳು.

"ರಾತ್ರಿ ನಿನ್ನ ಮನೇಲಿ ಕುದುರೆ ಕಟ್ಟಿದ್ದೀಯಾ?" ಎಂದಳು ಒಂದು ದಿನ ಮೆಟ್ಟಿಲ ಬಳಿ.

"ಯಾಕೆ?"

"ಟಕ್ ಟಕ್, ಟಕ್ ಟಕ್. ನಾನು ಕೆಳಗೆ ಹುಲ್ಲು ತಂದು ಹಾಕ್ಬೇಕು ಅಂತಿದ್ದೆ."

"ಕ್ಷಮಿಸು. ಚಪ್ಪಲಿ ಬದಲಾಯಿಸ್ತೀನಿ."

"ಚಪ್ಪಲಿ ಅಲ್ಲ ಮಾರಾಯ್ತಿ, ನಿನ್ನ ತಲೆ ಬದಲಾಯಿಸ್ಬೇಕು. ನಮ್ಮೂರಲ್ಲೂ ಚಳಿಗಾಲ್ದಲ್ಲಿ ಸೂರ್ಯ ಸೊರಗ್ತಾನೆ. ಆದ್ರೆ ಇಲ್ಲಿನ ಥರ ಮುಷ್ಕರ ಹೂಡಲ್ಲ." ನಗುತ್ತಲೇ ಕೇಳಿದಳು, "ಡಾಕ್ಟರ ಹತ್ರ ಹೋದ್ಯಾ?"

"ನಂಗೇನಾಗಿದೆ?"

ಡನೂತಾ ಭುಜ ಕುಣಿಸಿ ಮೇಲೆ ಹೋದಳು.

ಮೂರನೆಯ ಸಲ ತಡವಾದ ದಿನ ಕ್ಯಾರ್ತಾನ್ ಕರೆಸಿದ. ಪುರಸಭೆಯ ಕಡೆಯಿಂದ ಕೊಳ, ಗ್ರಂಥಾಲಯ, ಕ್ರೀಡಾಂಗಣ ನೋಡಿಕೊಳ್ಳುವ ಅಧಿಕಾರಿ. ದಕ್ಷಿಣದಿಂದ ಬಂದು ಎರಡು ವರ್ಷವಾಗಿತ್ತು. ಬೈದಿದ್ದರೆ ಸಾಲ್ವೋರ್ ಎದುರು ಮಾತಾಡುತ್ತಿದ್ದಳು. ಅವನು ಕಾಫಿ ಸುರಿದು ಕೊಟ್ಟ.

"ನಿನ್ನ ಮೇಲೆ ತಪ್ಪು ಹೊರಿಸ್ತಿಲ್ಲ ಸಾಲ್ವೋರ್. ಯಾರಿಗಾದ್ರೂ ಆಗುತ್ತೆ. ಈಸ್ಟರ್‌ವರೆಗೂ ರಜ ತಗೋ. ಬೆಳಗಿನ ಹೊತ್ತು ಕೊಳ ಮುಚ್ಚಿಡೋಣ. ಮಧ್ಯಾಹ್ನದ್ದು ಶಾಲೆಯವರು ನೋಡ್ಕೋತಾರೆ."

"ಬೆಳಿಗ್ಗೆ ಬರೋರು?"

"ಮೂರ್ನಾಲ್ಕು ಜನ ತಾನೇ. ಮಧ್ಯಾಹ್ನ ಬರ್ತಾರೆ."

ಅವನಿಗೆ ಹೇಗೆ ಹೇಳುವುದು? ಬೆಳಗಿನ ಬೀಗದ ಕೈ ಇರುವುದರಿಂದಲೇ ತಾನು ಇನ್ನೂ ಹಾಸಿಗೆಯಿಂದ ಹೊರಗೆ ಬೀಳುತ್ತಿದ್ದೇನೆ. ತಡವಾದರೂ ಬೀಳುತ್ತಿದ್ದೇನೆ. ಅದನ್ನೂ ತೆಗೆದುಕೊಂಡರೆ ತನಗೂ ಆ ಗೋಡೆಗೂ ನಡುವೆ ಏನು ಉಳಿಯುತ್ತದೆ? ಅವಳು ಬಟ್ಟಲನ್ನು ತಟ್ಟೆಯ ಮೇಲೆ ತಿರುಗಿಸುತ್ತ ಕುಳಿತಳು.

"ಯೋಚಿಸಿ ಹೇಳ್ತೀನಿ."

"ಯಾವಾಗ?"

"ಬಿಸಿಲು ಕಾಫಿ ದಿನ. ಇಪ್ಪತ್ತೈದಕ್ಕೆ. ಮನೆಗೇ ಬಾ, ಪ್ಯಾನ್‌ಕೇಕ್ ತಿನ್ನು. ಅವತ್ತು ನಾನು ಸರಿಯಾಗಿರ್ತೀನಿ."

ಅದು ಬಾಯಿ ತಪ್ಪಿ ಬಂದ ಮಾತು. ಕ್ಯಾರ್ತಾನ್ ಅದನ್ನು ಕೇಳಿಸಿಕೊಳ್ಳದವನಂತೆ ತಲೆಯಾಡಿಸಿದ.

ಮರುದಿನ ಬೆಳಿಗ್ಗೆ ಬಿಸಿನೀರಿನ ತೊಟ್ಟಿಯ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕುಳಿತು ನೀರಿನ ಬಿಸಿ ನೋಡುತ್ತ ಅವಳು ಉಳಿದಿಬ್ಬರನ್ನೂ ಕರೆದಳು. ಕತ್ತಲಲ್ಲಿ ಹಬೆ ಏಳುತ್ತಿತ್ತು. ಎಲ್ಲಿಡಿ ಮತ್ತು ಪೆತ್ರೀನಾ ಕುತ್ತಿಗೆಯವರೆಗೆ ನೀರಿನಲ್ಲಿದ್ದರು. ಉಣ್ಣೆಯ ಟೋಪಿಗಳ ಮೇಲೆ ಹಿಮ ಕೂರುತ್ತಿತ್ತು.

"ಇಪ್ಪತ್ತೈದಕ್ಕೆ ನಮ್ಮನೇಲಿ ಬಿಸಿಲು ಕಾಫಿ. ಇಬ್ಬರೂ ಬನ್ನಿ."

ಎಲ್ಲಿಡಿ ಬಾಯಿ ತೆರೆದ. ನೀರಿನ ಅಡಿಯಲ್ಲಿ ಏನೋ ಆಯಿತು. ಪೆತ್ರೀನಾಳ ಕಾಲು ಅವನ ಕಾಲಿಗೆ ತಾಗಿರಬೇಕು. ಅವನು ಬಾಯಿ ಮುಚ್ಚಿದ.

"ಯಾವ ಮನೇಲಿ?" ಎಂದಳು ಪೆತ್ರೀನಾ.

"ಯಾವ ಮನೆ ಅಂದ್ರೆ? ನನ್ನ ಮನೇಲಿ. ಮೇಲೆ."

"ಹ್ಞೂಂ. ರುಬಾರ್ಬ್ ಜಾಮ್ ನಾನು ತರ್ತೀನಿ. ನಿನ್ನದು ಯಾವಾಗ್ಲೂ ಹುಳಿ."

ಇಪ್ಪತ್ತೈದರ ಬೆಳಿಗ್ಗೆ ಆಕಾಶ ಗಾಜಿನಂತಿತ್ತು. ಒಂದು ಚೂರು ಮೋಡವಿಲ್ಲ. ಸಾಲ್ವೋರ್ ಅಂದು ಅಲಾರಂಗೆ ಮೊದಲೇ ಎದ್ದಿದ್ದಳು. ಕೊಳದಿಂದ ರಜ ಪಡೆದು ಬೇಗ ಬಂದವಳು ನೆಲ ಒರೆಸಿದಳು, ಒರೆಸಿದ್ದನ್ನೇ ಮತ್ತೆ ಒರೆಸಿದಳು. ಅಡುಗೆಮನೆಯ ಕಿಟಕಿಯ ಗಾಜನ್ನು ಒಳಗಿನಿಂದಲೂ ಹೊರಗಿನಿಂದಲೂ ಉಜ್ಜಿದಳು. ಹಿಟ್ಟು ಕಲಸಿದಳು, ಗಂಟು ನೋಡಿದಳು, ಇನ್ನಷ್ಟು ಹಾಲು ಹಾಕಿದಳು. ಅಮ್ಮನ ಕಾವಲಿ ಒಲೆಯ ಮೇಲೆ ಕಾಯುತ್ತಿತ್ತು. ಎದೆಯಲ್ಲಿ ಹಬ್ಬದ ದಿನದ ಹುಡುಗಿಯಂಥ ಒಂದು ನಡುಕ. ಇನ್ನೇನು, ಇನ್ನು ಸ್ವಲ್ಪ ಹೊತ್ತು. ಬಿಸಿಲು ಒಳಗೆ ಬರುತ್ತದೆ, ಒಳಗಿನ ಇರುವೆಗಳೆಲ್ಲ ಚದುರಿಹೋಗುತ್ತವೆ, ನಾನು ಕ್ಯಾರ್ತಾನ್‌ಗೆ "ರಜ ಬೇಡ" ಎನ್ನುತ್ತೇನೆ.

ಪೆತ್ರೀನಾ ಜಾಮಿನ ಬಾಟಲಿಯೊಂದಿಗೆ ಬಂದಳು. ಎಲ್ಲಿಡಿ ಶರಟಿಗೆ ಇಸ್ತ್ರಿ ಮಾಡಿಕೊಂಡಿದ್ದ. ಕಾರ್ಖಾನೆಯ ಪಾಳಿ ಮುಗಿಸಿದ ಡನೂತಾ ಮೇಲಿನಿಂದ ಇಳಿದು ಬಂದಳು. ಕ್ಯಾರ್ತಾನ್ ಬೂಟು ಬಿಚ್ಚಿಟ್ಟು, ಕಾಲುಚೀಲದ ತೂತನ್ನು ಇನ್ನೊಂದು ಪಾದದಿಂದ ಮರೆಮಾಡುತ್ತ ನಿಂತ.

"ಕೂತ್ಕೊಳ್ಳಿ, ಕೂತ್ಕೊಳ್ಳಿ. ಕಿಟಕಿಗೆ ಅಡ್ಡ ಯಾರೂ ಬೇಡ," ಎಂದಳು ಸಾಲ್ವೋರ್. ಮೊದಲ ಸೌಟು ಹಿಟ್ಟು ಕಾವಲಿಯ ಮೇಲೆ ಚುಂಯ್ ಎಂದು ಹರಡಿತು.

ಬೆಟ್ಟದ ನೆತ್ತಿಯ ಗೆರೆ ಹೊಳೆಯತೊಡಗಿತು. ಮೊದಲು ತಾಮ್ರದ ಬಣ್ಣ, ಆಮೇಲೆ ಬಂಗಾರ. ಅವಳ ಕೈ ತನ್ನಷ್ಟಕ್ಕೆ ಪ್ಯಾನ್‌ಕೇಕು ತಿರುವುತ್ತಿತ್ತು, ಕಣ್ಣು ಗೆರೆಯ ಮೇಲಿತ್ತು. ಪೇರಿಸಿಟ್ಟ ತಟ್ಟೆ ಎತ್ತರವಾಯಿತು. ಮಾತು ಕಡಿಮೆಯಾಯಿತು. ಎಲ್ಲಿಡಿ ಗಂಟಲು ಸರಿಮಾಡಿಕೊಂಡ. ನೆತ್ತಿಯ ಬಂಗಾರ ಬಲಕ್ಕೆ ಸರಿಯುತ್ತ ಹೋಯಿತು. ಗೆರೆಯ ಮೇಲೆ ಮಾತ್ರ ಏಳಲಿಲ್ಲ. ಇನ್ನೂ ಸರಿಯಿತು. ಬೆಟ್ಟದ ಬಲಭುಜದ ಬಳಿ ಮಂಕಾಗತೊಡಗಿತು.

"ಏನು ಇವತ್ತು..." ಎಂದಳು ಸಾಲ್ವೋರ್, ತನಗೇ ಎಂಬಂತೆ.

ಯಾರೂ ಕಿಟಕಿಯ ಕಡೆ ನೋಡುತ್ತಿರಲಿಲ್ಲ; ಎಲ್ಲರ ಕಣ್ಣೂ ತಟ್ಟೆಯ ಮೇಲಿತ್ತು. ಅವಳು ಸೌಟು ಹಿಡಿದೇ ಮುಂದಿನ ಕೋಣೆಗೆ ನಡೆದಳು, ಊರು ಕಾಣುವ ಕಿಟಕಿಗೆ.

ಕೆಳಗೆ ಬಿಸಿಲು ಬಂದಿತ್ತು. ಬಂದರಿನ ದೋಣಿಗಳ ಮೇಲೆ, ಕಾರ್ಖಾನೆಯ ತಗಡಿನ ಮೇಲೆ, ಕೆಳಗಿನ ಬೀದಿಯ ಹಿಮದ ಮೇಲೆ ಹರಡಿ, ಚರ್ಚಿನ ಬೇಲಿಯವರೆಗೆ ಏರಿ, ಅಲ್ಲಿ ಯಾರೋ ಹಿಡಿದು ನಿಲ್ಲಿಸಿದ ಹಾಗೆ ನಿಂತಿತ್ತು. ಬಿಳಿಯ ತಗಡಿನ ಮನೆಯ ಅಡುಗೆಮನೆಯ ಕಿಟಕಿ ಧಗಧಗ ಉರಿಯುತ್ತಿತ್ತು. ಅದರ ಪರದೆ ಎಳೆದಿತ್ತು. ಒಳಗೆ ಯಾರೂ ಇರಲಿಲ್ಲ. ಇಪ್ಪತ್ತೈದು ಆ ಮನೆಯ ದಿನ. ಅವಳ ಹೊಸ ಮನೆ ಸೂರ್ಯನನ್ನು ಮರೆಮಾಡುವ ಆ ಬೆಟ್ಟದ ಬುಡಕ್ಕೇ ಅಂಟಿಕೊಂಡು, ಅದರ ನೆರಳಿನಲ್ಲಿತ್ತು. ಅದಕ್ಕೆ ಬಿಸಿಲು ಬರಲು ಫೆಬ್ರವರಿ ಬರಬೇಕು. ಈ ಊರಿನ ಆರು ವರ್ಷದ ಮಗುವಿಗೂ ತನ್ನ ಮನೆಗೆ ಬಿಸಿಲು ಯಾವಾಗ ಬರುತ್ತದೆಂದು ಗೊತ್ತು.

ಸೌಟಿನಿಂದ ಹಿಟ್ಟು ನೆಲಕ್ಕೆ ತೊಟ್ಟಿಕ್ಕುತ್ತಿತ್ತು. ಒಳಗೆ ಕಾವಲಿ ಸೀದ ವಾಸನೆ.

"ಒಲೆ, ಒಲೆ!" ಎಂದು ಡನೂತಾ ಎದ್ದಳು.

ಸಾಲ್ವೋರ್ ತಿರುಗಿದಾಗ ಎಲ್ಲರೂ ಅವಳನ್ನೇ ನೋಡುತ್ತಿದ್ದರು. "ನಿಮಗೆ ಗೊತ್ತಿತ್ತು," ಎಂದಳು.

ಎಲ್ಲಿಡಿ ಮೇಜುಬಟ್ಟೆಯ ಅಂಚನ್ನು ಮಡಿಸಿದ. "ಪೆತ್ರೀನಾ ಒದ್ದಳು," ಎಂದ.

"ಗೊತ್ತಿರದೆ ಏನು ಕಣೇ," ಎಂದಳು ಪೆತ್ರೀನಾ. "ಮೇಲಿನ ಬೀದಿಗೆ ಬಿಸಿಲು ಯಾವತ್ತೂ ತಡ. ನಾನು ಹುಟ್ಟೋಕ್ಕೆ ಮುಂಚೆಯಿಂದ."

"ಮತ್ತೆ ಹೇಳ್ಬಾರ್ದಾಗಿತ್ತಾ? ಎಲ್ಲರೂ ಬಂದು ಕೂತು, ನನ್ನ ಗಾಜು ಉಜ್ಜಿದ್ದು, ನನ್ನ..." ಮಾತು ಮುರಿಯಿತು. ಕೋಪ ಬಂದಿತ್ತು ಅವಳಿಗೆ. ಬಹಳ ದಿನಗಳ ಮೇಲೆ ಬಂದ ಬಿಸಿಬಿಸಿ ಕೋಪ. "ನನ್ನ ಮಂಗ ಮಾಡಿದ್ರಿ!"

"ಹೇಳಿದ್ರೆ ಕರೀತಿದ್ಯಾ?" ಎಂದಳು ಪೆತ್ರೀನಾ.

ಸಾಲ್ವೋರ್ ಸೌಟಿನ ಹಿಟ್ಟನ್ನು ಬೆರಳಿನಿಂದ ಒರೆಸಿದಳು.

"ಕರೀತಿರ್ಲಿಲ್ಲ. ಬಾಗಿಲು ಹಾಕ್ಕೊಂಡು ಇನ್ನೊಂದಷ್ಟು ದಿನ ಹೀಗೇ ಸುತ್ತುತಿದ್ದೆ. ಟ್ರ್ಯಾಕ್ಟರು ಅಡ್ಡ ಬಂತು, ಗಡಿಯಾರ ಕೆಟ್ಟೋಯ್ತು ಅಂತ. ಒಂದು ಕಾಲುಚೀಲದಲ್ಲಿ ಬಂದೋಳು ನೀನು. ಕರೆದಿದ್ದೀಯಲ್ಲ, ಹೋಗೋಣ ಅಂದ್ಕೊಂಡ್ವಿ. ಬಿಸಿಲು ಬರ್ದಿದ್ರೆ ಪ್ಯಾನ್‌ಕೇಕು ಕೆಟ್ಟೋಗುತ್ತಾ?"

"ಕಾವಲಿ ಮೇಲಿಂದು ಮಾತ್ರ ಕೆಟ್ಟೋಗಿದೆ," ಎಂದಳು ಡನೂತಾ, ಕರಕಲನ್ನು ಕಸದ ಬುಟ್ಟಿಗೆ ಹಾಕುತ್ತ.

ಕ್ಯಾರ್ತಾನ್ ನಗಬೇಕೋ ಬೇಡವೋ ತಿಳಿಯದೆ ಬಟ್ಟಲಿನಲ್ಲಿ ಮುಖ ಮುಚ್ಚಿಕೊಂಡಿದ್ದ.

ಸಾಲ್ವೋರ್ ಕುಳಿತಳು. ಕೋಪದ ಹಿಂದೆಯೇ ಇನ್ನೇನೋ ನುಗ್ಗಿ ಬಂತು, ತಡೆಯುವಷ್ಟು ಹೊತ್ತೂ ಸಿಗಲಿಲ್ಲ. "ನಂಗೆ ಬೆಳಿಗ್ಗೆ ಏಳಕ್ಕೇ ಆಗ್ತಿಲ್ಲ," ಎಂದಳು. "ರಾತ್ರಿ ಕೂತ್ಕೊಳ್ಳಕ್ಕಾಗಲ್ಲ. ಅಮ್ಮ ಇವತ್ತಿನ ದಿನ ಎದ್ದು ಬರ್ತಿದ್ಲು. ನಾನೂ ಇವತ್ತು ಸರಿ ಹೋಗ್ತೀನಿ ಅಂತ ಕಾಯ್ತಾ ಇದ್ದೆ. ತಾರೀಖು ಹಿಡ್ಕೊಂಡು ಕಾಯ್ತಾ ಇದ್ದೆ."

ಅಡುಗೆಮನೆಯ ಕಿಟಕಿಯಲ್ಲಿ ಬೆಟ್ಟದ ನೆತ್ತಿ ಪೂರ್ತಿ ನೀಲಿಯಾಗಿತ್ತು.

"ನಿಮ್ಮಮ್ಮ ಒಳಗೆ ಹೋಗ್ತಿದ್ದದ್ದು ಇಡೀ ಬೀದಿಗೆ ಗೊತ್ತಿತ್ತು," ಎಂದಳು ಪೆತ್ರೀನಾ, ಈಗ ದನಿ ತಗ್ಗಿಸಿ. "ನೀನು ಬಾಗಿಲಲ್ಲಿ ನಿಂತು ಶೀತ ಅಂತಿದ್ದೆ. ಇಷ್ಟುದ್ದ ಇದ್ದೆ. ನಾವೂ ಶೀತ ಅಂತ ಒಪ್ಕೊಂಡು ವಾಪಸ್ ಹೋಗ್ತಿದ್ವಿ. ಈ ಸಲ ವಾಪಸ್ ಹೋಗೋದು ಬೇಡ ಅನ್ನಿಸ್ತು."

ಆಮೇಲೆ ಎಲ್ಲಿಡಿ ಜಾಮಿನ ಚಮಚವನ್ನು ನೋಡುತ್ತ ಹೇಳಿದ, "ನಾನು ಇದಕ್ಕೇ ಮಾತ್ರೆ ತಗೋತೀನಿ. ಸೆಪ್ಟೆಂಬರಿನಿಂದ ಮೇವರೆಗೆ. ದೋಣಿ ಬಿಟ್ಟ ವರ್ಷದಿಂದ."

"ನೀನಾ?" ಎಂದಳು ಪೆತ್ರೀನಾ.

"ನಾನೇ."

"ದಿನಾ ನನ್ನ ಜೊತೆ ತೊಟ್ಟೀಲಿ ಕೂತು ಬಾಯಿ ಬಿಟ್ಟಿಲ್ಲವಲ್ಲೋ."

"ನೀನು ಬಾಯಿ ಮುಚ್ಚಿದ್ರೆ ತಾನೇ ನಾನು ಬಿಡೋದು."

ಡನೂತಾ ಗಟ್ಟಿಯಾಗಿ ನಕ್ಕಳು. ಸಾಲ್ವೋರ್‌ಳ ಗಂಟಲಿನಿಂದಲೂ ಒಂದು ಸದ್ದು ಬಂತು, ಅಳುವೋ ನಗುವೋ ಅವಳಿಗೇ ಗೊತ್ತಾಗಲಿಲ್ಲ. ತೋಳಿನಿಂದ ಮೂಗು ಒರೆಸಿಕೊಂಡು ಕ್ಯಾರ್ತಾನ್ ಕಡೆಗೆ ತಿರುಗಿದಳು.

"ರಜ ಬೇಡ," ಎಂದಳು. "ಸರಿ ಹೋಗಿದ್ದೀನಿ ಅಂತ ಅಲ್ಲ. ಸರಿ ಹೋಗಿಲ್ಲ. ಆದ್ರೆ ಕೀ ತಗೋಬೇಡ."

ಕ್ಯಾರ್ತಾನ್ ಬಟ್ಟಲು ಕೆಳಗಿಟ್ಟ. "ನಂಗೂ ತಗೊಳ್ಳೋ ಆಸೆ ಇಲ್ಲ. ಆದ್ರೆ ಬಾಗಿಲು ತೆರೀಬೇಕಲ್ಲ ಸಾಲ್ವೋರ್. ಚಳೀಲಿ ಜನ ನಿಲ್ತಾರೆ."

"ನಿಲ್ಲೋ ಜನ ನಾವೇ ತಾನೇ," ಎಂದಳು ಪೆತ್ರೀನಾ. "ಅಲ್ಲಿ ನಿಲ್ಲೋ ಬದಲು ಇಲ್ಲಿ ನಿಲ್ತೀವಿ. ನಾನು ಹೇಗೂ ಬೇಗ ಏಳ್ತೀನಿ. ಈ ಕಿಟಕಿಗೆ ಕೋಲಲ್ಲಿ ಬಡೀತೀನಿ, ಇವಳು ಹೊರಗೆ ಬರೋವರೆಗೂ ಬಡೀತೀನಿ. ಮೂವರೂ ಒಟ್ಟಿಗೇ ಇಳಿದು ಹೋಗ್ತೀವಿ."

"ಇಷ್ಟು ಎತ್ತರ ಹತ್ತಿ ಬರ್ತೀಯಾ, ಮಂಜಲ್ಲಿ?" ಎಂದಳು ಸಾಲ್ವೋರ್.

"ನಾನು ಹತ್ತಲ್ಲ, ಎಲ್ಲಿಡಿ ನನ್ನ ತಳ್ತಾನೆ. ಅವನಿಗೂ ಮೈ ಬಿಸಿಯಾಗುತ್ತೆ."

"ಹಾಗೂ ಏಳದಿದ್ರೆ?" ಎಂದ ಕ್ಯಾರ್ತಾನ್. ಅವನು ಕೇಳಲೇಬೇಕಿತ್ತು.

"ಗಾಜು ಒಡೀತೀನಿ. ಪುರಸಭೆಯಿಂದ ಹಾಕಿಸ್ಕೊಡು."

"ಮತ್ತೆ ಡಾಕ್ಟರ ಹತ್ರ," ಎಂದಳು ಡನೂತಾ ಒಲೆಯ ಬಳಿಯಿಂದ. ಆಗಲೇ ಅವಳು ಏಪ್ರನ್ ಕಟ್ಟಿಕೊಂಡು ಹೊಸ ಹಿಟ್ಟು ಸುರಿಯುತ್ತಿದ್ದಳು. ಪ್ಯಾನ್‌ಕೇಕು ದಪ್ಪವಾಗುತ್ತಿದ್ದವು, ಪೋಲೆಂಡಿನವರ ಥರ. "ಗುರುವಾರ ನಂಗೆ ಪಾಳಿ ಇಲ್ಲ. ನಾನೇ ಕಾರಲ್ಲಿ ಕರ್ಕೊಂಡು ಹೋಗ್ತೀನಿ. ಇಲ್ಲಾಂದ್ರೆ ಕುದುರೆಗೆ ಲಾಳ ಹೊಡಿಸ್ತೀನಿ."

ಮೊದಲ ಬೆಳಿಗ್ಗೆ ಕೋಲಿನ ಸದ್ದು ಕೇಳಿದಾಗ ಸಾಲ್ವೋರ್ ಕಂಬಳಿಯೊಳಗೆ ಇನ್ನೂ ಆಳಕ್ಕೆ ಇಳಿದಳು. ಟಕ್, ಟಕ್, ಟಕ್. ದ್ವೇಷ ಬಂತು ಅವಳಿಗೆ, ಮುದುಕಿಯ ಮೇಲೆ, ಕೋಲಿನ ಮೇಲೆ, ಹಿಮದ ಮೇಲೆ. "ಬಂದೆ ಮಾರಾಯ್ತಿ, ಬಂದೆ!" ಎಂದು ಕಿರುಚಿದಳು. "ಕಾಲುಚೀಲ ಎರಡೂ ಹಾಕ್ಕೋ," ಎಂಬ ದನಿ ಹೊರಗಿನಿಂದ. ಎದ್ದಳು. ಬೈಯುತ್ತಲೇ ಎದ್ದಳು. ಇಳಿಜಾರಿನಲ್ಲಿ ಮೂರು ನೆರಳುಗಳು, ಒಂದರ ತೋಳು ಇನ್ನೊಂದು ಹಿಡಿದು, ದೀಪದಿಂದ ದೀಪಕ್ಕೆ ಇಳಿದವು.

ಎಲ್ಲ ಬೆಳಿಗ್ಗೆಯೂ ಒಂದೇ ಥರ ಇರಲಿಲ್ಲ. ಒಮ್ಮೆ ಅವಳು ಪೂರ್ತಿ ಉಡುಪು ತೊಟ್ಟು ಬಾಗಿಲ ಬಳಿ ಕಾಯುತ್ತಿದ್ದಳು. ಒಮ್ಮೆ ಎಲ್ಲಿಡಿ ಒಳಗೇ ಬಂದು ಕೋಣೆಯ ಹೊರಗೆ ನಿಂತು, ದೋಣಿಯವರನ್ನು ಎಬ್ಬಿಸುವ ಹಾಗೆ ಕೂಗಬೇಕಾಯಿತು. ಆ ದಿನ ಕೊಳ ತಡವಾಗಿ ತೆರೆಯಿತು; ಕ್ಯಾರ್ತಾನ್‌ಗೆ ಯಾರೂ ಹೇಳಲಿಲ್ಲ, ಅವನೂ ಕೇಳಲಿಲ್ಲ. ಗುರುವಾರ ಡಾಕ್ಟರು ಏನೇನೋ ಕೇಳಿ ಮಾತ್ರೆ ಬರೆದುಕೊಟ್ಟರು, ಬೆಳಕಿನ ಪೆಟ್ಟಿಗೆಯ ಮುಂದೆ ಚಡಪಡಿಸದೆ ಕೂರಬೇಕೆಂದರು. ಅವಳು ಅದನ್ನು ಗಾಜಿನ ಗೂಡಿಗೆ ಒಯ್ದಳು. ಟಿಕೆಟು ಹರಿಯುತ್ತ, ಮಕ್ಕಳನ್ನು ಗದರುತ್ತ ಅದರ ಮುಂದೆ ಕೂರುವುದು ಅಷ್ಟೇನೂ ಕಷ್ಟವಾಗಲಿಲ್ಲ. "ಮೀನಂಗಡಿ ಥರ ಹೊಳೀತಿದ್ದೀಯಾ," ಎಂದು ಪೆತ್ರೀನಾ ಅಣಕಿಸಿದಳು.

ರಾತ್ರಿ ಕಾಲುಗಳು ಇನ್ನೂ ಸುಮ್ಮನಿರಲಿಲ್ಲ. ಅಡುಗೆಮನೆಯಿಂದ ಕಿಟಕಿಗೆ, ಕಿಟಕಿಯಿಂದ ಅಡುಗೆಮನೆಗೆ. ಆದರೆ ಸ್ವೆಟರಿನ ತೋಳು ಮುಗಿಯಿತು.

ಫೆಬ್ರವರಿಯ ಒಂದು ಮಧ್ಯಾಹ್ನ ಕೊಳದ ಮೆಟ್ಟಿಲಿನ ಮಂಜುಗಡ್ಡೆ ಒಡೆದು, ಉಪ್ಪು ಚೆಲ್ಲಿ, ಅವಳು ಮನೆಗೆ ಬಂದಾಗ ಬೆಳಕು ಆಗಲೇ ನೀಲಿಗೆ ತಿರುಗಿತ್ತು. ಅವಳ ಅಡುಗೆಮನೆಯ ನಡುವೆ, ಕುರ್ಚಿಯೊಂದನ್ನು ಗೋಡೆಗೆ ಎದುರು ತಿರುಗಿಸಿಕೊಂಡು ಡನೂತಾ ಕುಳಿತಿದ್ದಳು.

"ಬಂದಿತ್ತು," ಎಂದಳು ಡನೂತಾ.

"ಯಾರು?"

"ಇನ್ಯಾರು. ಜಾಮಿನ ಬಾಟಲಿ ವಾಪಸ್ ಇಡೋಣ ಅಂತ ಇಳಿದು ಬಂದೆ. ನೋಡಿದ್ರೆ ಒಲೆ ಹಿಂದಿನ ಗೋಡೆ ಮೇಲೆ, ಇಷ್ಟಗಲ. ನಿನ್ನ ಆ ಕಾವಲಿ ಇದೆಯಲ್ಲ, ಅದರ ಪಕ್ಕಕ್ಕೆ. ನೀನಿಲ್ಲ, ಏನು ಮಾಡ್ಲಿ? ಕುರ್ಚಿ ಎಳ್ಕೊಂಡು ಕೂತೆ. ಹೋಗೋವರೆಗೂ ಕೂತಿದ್ದೆ."

ಸಾಲ್ವೋರ್ ಬಂದು ಗೋಡೆಯ ಮೇಲೆ ಅಂಗೈ ಇಟ್ಟಳು. ತಣ್ಣಗಿತ್ತು. ಅರ್ಧ ಬಣ್ಣ ಹಚ್ಚಿದ ಕಪಾಟು, ಕಪ್ಪು ಕಾವಲಿ, ಗೋಡೆ. ಎದೆಯಲ್ಲಿ ಏನಾದರೂ ಆಗುತ್ತದೇನೋ ಎಂದು ಕಾದಳು. ದೊಡ್ಡದೇನೂ ಆಗಲಿಲ್ಲ. ಬರೀ ಹಸಿವಾಗುತ್ತಿತ್ತು.

"ಕಾಫಿ ಕುಡಿದ್ಯಾ?" ಎಂದಳು.

"ನಿನ್ನ ಬಿಸಿಲು, ನಿನ್ನ ಕಾಫಿ. ನಾನು ಹೇಗೆ ಕುಡೀಲಿ?"

"ದಪ್ಪ ಮಾಡೋದಾದ್ರೆ ನೀನು ಒಲೆ ಹತ್ರ ಬರ್ಬೇಡ," ಎಂದು ಸಾಲ್ವೋರ್ ಕಾವಲಿಯನ್ನು ಮೊಳೆಯಿಂದ ಇಳಿಸಿದಳು. ಕೋಟು ಬಿಚ್ಚುವುದು ಅವಳಿಗೆ ಮರೆತೇಹೋಗಿತ್ತು.